ಜೋನಮ್ಮನಿಗೆ ಶಾಲು ಹೊದಿಸಿದ್ದು

ವಿದೇಶಕ್ಕೆ ಹೊರಟವರಿಗೆ ನನ್ನ ಮೊದಲ ಸಲಹೆ: ಬೀಗರ ಜೊತೆ ಹೋಗಬೇಡಿ. ಹೋಗಲೇಬೇಕಾಗಿ ಬಂದರೆ, ನಿಮಗಿಂತ ಇಂಗ್ಲಿಷ್ ಚೆನ್ನಾಗಿ ಬರುವ ಬೀಗರ ಜೊತೆಯಂತೂ ಖಂಡಿತ ಬೇಡ.

ನಾನು ಶಿಕಾರಿಪುರದವನು. ಸಂತೆಯಲ್ಲಿ ಮಂಡಕ್ಕಿ ಮಾರುತ್ತ ವ್ಯಾಪಾರ ಕಲಿತೆ; ಈಗ ಸ್ವಂತ ಅಕ್ಕಿ ಗಿರಣಿ ಇದೆ. ಮಗಳನ್ನು ಸೊರಬಕ್ಕೆ, ನಾಗೇಂದ್ರಪ್ಪನವರ ಮನೆಗೆ ಕೊಟ್ಟಿದ್ದೇನೆ. ಅವರದೂ ಅಕ್ಕಿ ಗಿರಣಿಯೇ. ಇಂಗ್ಲೆಂಡಿನ ಉತ್ತರದ ಒಂದು ಬಂದರು ಊರಿನಲ್ಲಿ ಗಿರಣಿಯೊಂದು ತನ್ನ ಒಂದು ವಿಭಾಗವನ್ನು ಮುಚ್ಚುತ್ತಿದೆ, ಬಣ್ಣ ನೋಡಿ ಕಪ್ಪು ಕಾಳು, ಕಲ್ಲು ಎಲ್ಲವನ್ನೂ ಊದಿ ಬೇರೆ ಮಾಡುವ ಯಂತ್ರ ಮಾರಾಟಕ್ಕಿದೆ ಎಂದು ದಾವಣಗೆರೆಯ ದಲ್ಲಾಳಿಯೊಬ್ಬ ಸುದ್ದಿ ತಂದ. ಹೊಸ ಯಂತ್ರ ನಮ್ಮಂಥವರ ಕೈಗೆ ಎಟುಕುವಂಥದಲ್ಲ. ಹಳೆಯದನ್ನು ಬೀಗರಿಬ್ಬರೂ ಪಾಲಿನಲ್ಲಿ ಕೊಳ್ಳುವುದು, ಕೊಳ್ಳುವ ಮುಂಚೆ ಕಣ್ಣಾರೆ ನೋಡುವುದು ಎಂದು ತೀರ್ಮಾನವಾಯಿತು. ನೋಡದೆ ಎತ್ತು ಕೊಂಡವನೂ ಯಂತ್ರ ಕೊಂಡವನೂ ಒಂದೇ.

ವಿಮಾನದಲ್ಲಿ

ನಾಗೇಂದ್ರಪ್ಪನವರು ಶಿವಮೊಗ್ಗದಲ್ಲಿ ಕಾಲೇಜು ಓದಿದವರು. ನನ್ನ ಇಂಗ್ಲಿಷು ಗೋಣಿಚೀಲದ ಮೇಲಿನ ಅಕ್ಷರಗಳಷ್ಟೇ. ವಿಮಾನದ ಹುಡುಗಿ ಬಂದಾಗ ಅವರು ನಗುನಗುತ್ತ ಏನೋ ಹೇಳಿದರು. ಅವಳೂ ನಗುತ್ತ ಅವರ ಮುಂದೆ ಅನ್ನ, ಬೇಳೆ, ಪಲ್ಯ ಇಟ್ಟಳು. ನನ್ನ ಮುಂದೆ ಇಟ್ಟ ತಟ್ಟೆಯಲ್ಲಿ ಕೋಳಿಯ ಕಾಲು.

"ಸಸ್ಯಾಹಾರ ಅಂತ ಮುಂಚೇನೇ ಹೇಳ್ಬೇಕು ಬೀಗ್ರೇ. ನಾನು ಟಿಕೆಟ್ ಮಾಡ್ಸುವಾಗ್ಲೇ ಹೇಳಿದ್ದೆ" ಎಂದರು.

"ನನ್ನದನ್ನೂ ಹೇಳಬಹುದಿತ್ತಲ್ರೀ."

"ನೀವು ಕೇಳ್ಲಿಲ್ಲ ಮಾರಾಯ್ರೇ!"

ಚೀಲ ಬಿಚ್ಚಿ ಮಂಡಕ್ಕಿ ತಿಂದೆ. ಅವರು ಬೇಳೆಯನ್ನು ಬೆರಳಿಂದ ನೆಕ್ಕುತ್ತಿದ್ದರು. ಆವತ್ತಿನಿಂದ ಊರಿಗೆ ಮರಳುವ ತನಕ ನನ್ನ ಹೊಟ್ಟೆಯಲ್ಲಿ ಉರಿದದ್ದಕ್ಕೆ ಅಲ್ಲಿಯ ಅಡಿಗೆ ಕಾರಣವಲ್ಲ. ಮುಂದೆ ಬರುವ ಇಂಗ್ಲಿಷರ ಮಾತೆಲ್ಲ ಇದೇ ಬೀಗರ ಬಾಯಿಂದ ನನಗೆ ಬಂದದ್ದು. ದಾರಿಯಲ್ಲಿ ಎಷ್ಟು ಸೋರಿತೋ, ಎಷ್ಟು ನೀರು ಬೆರೆಯಿತೋ, ನಾನು ಜವಾಬ್ದಾರನಲ್ಲ.

ಗಿರಣಿಯಲ್ಲಿ

ಗಿರಣಿಯ ಮಾಲೀಕ ಡೇವಿಡ್, ನಮ್ಮ ಮಕ್ಕಳ ವಯಸ್ಸಿನವನು. ಅಂಗಿ ತೋಳು ಮಡಚಿಕೊಂಡು ತಾನೇ ಎಲ್ಲ ತೋರಿಸಿದ. ನೆಲದ ಮೇಲೆ ಒಂದು ಕಾಳು ಬಿದ್ದಿಲ್ಲ, ಗೋಡೆಯ ಮೇಲೆ ಒಂದು ಚಿಟಿಕೆ ತೌಡಿಲ್ಲ. ನನ್ನ ಗಿರಣಿಯಲ್ಲಿ ತೌಡಿನ ದೂಳು ಹಮಾಲರ ಹುಬ್ಬಿನ ಮೇಲೂ ಕೂತಿರುತ್ತದೆ. ಅದಕ್ಕೂ ಹೊಟ್ಟೆಕಿಚ್ಚಾಯಿತು, ಆದರೆ ಅದು ದುಡ್ಡು ಹಾಕಿದರೆ ಬರುವಂಥದು, ಬಿಡಿ.

ದುಡ್ಡಿಗೆ ಸಿಗದ್ದನ್ನು ಕಂಡದ್ದು ಅರ್ಧ ಗಂಟೆಯ ಮೇಲೆ. ಯಂತ್ರಗಳ ನಡುವೆ ನರೆತ ತಲೆಯ ಒಬ್ಬ ಹೆಂಗಸು ನಡೆದು ಬರುತ್ತಿದ್ದಳು. ಕಾಲಿಗೆ ದಪ್ಪ ಬೂಟು, ಮೈಮೇಲೆ ಕೆಲಸಗಾರರ ಹಳದಿ ಕೋಟು, ಕೈ ಖಾಲಿ. ಒಬ್ಬೊಬ್ಬರ ಹತ್ತಿರ ನಿಲ್ಲುತ್ತಿದ್ದಳು. ಅವರು ಅವಳ ಕಿವಿಯ ಹತ್ತಿರ ಬಾಯಿ ತಂದು ಮಾತಾಡುತ್ತಿದ್ದರು. ಕೆಲಸದ ಹೊತ್ತು, ಡೇವಿಡ್ ಅವರ ಪಕ್ಕದಲ್ಲೇ ಹಾದುಹೋದರೂ ಯಾರೂ ಮಾತು ನುಂಗಲಿಲ್ಲ, ಅವನೂ ಗದರಲಿಲ್ಲ.

"ಯಾರ್ರೀ ಈಯಮ್ಮ? ಸೂಪರ್‌ವೈಸರ್ರಾ?"

ಬೀಗರು ಡೇವಿಡ್‌ನನ್ನು ಕೇಳಿ ಬಂದರು. "ಅಲ್ಲ. ಪಾದ್ರಿಯಮ್ಮ. ಜೋನ್ ಅಂತ ಹೆಸ್ರು. ಚಾಪ್ಲೇನ್ ಅಂತಾರಂತೆ. ವಾರಕ್ಕೆರಡು ದಿನ ಗಿರಣಿಗೆ ಬರ್ತಾರೆ, ವಿಭಾಗ ಮುಚ್ಚೋ ಈ ವಾರ ಮಾತ್ರ ದಿನಾ ಬರ್ತಿದಾರಂತೆ."

"ಪೂಜೆ ಎಲ್ಲಿ ಮಾಡ್ತಾರೆ?"

"ಪೂಜೆ ಇಲ್ವಂತೆ."

"ಪ್ರವಚನ?"

"ಅದೂ ಇಲ್ವಂತೆ. ಕೂತ್ಕೊಂಡು ಕೇಳ್ತಾರಂತೆ, ಅಷ್ಟೇ."

"ಏನನ್ನ?"

"ಅವ್ರು ಹೇಳಿದ್ದನ್ನ. ಹೆಂಡತಿ ಕಾಯಿಲೆ, ಮಗನ ಕುಡಿತ, ಕೆಲಸ ಹೋಗೋ ಹೆದರಿಕೆ. ಒಬ್ರು ಹೇಳಿದ್ದು ಇನ್ನೊಬ್ರಿಗೆ ಹೋಗಲ್ಲ. ಮಾಲೀಕ್ರಿಗಂತೂ ಹೋಗೋದೇ ಇಲ್ಲ."

"ಸಂಬಳ ಮಾಲೀಕರದ್ದೇ ತಾನೆ?"

"ಅಲ್ಲ! ಊರಿನ ಚರ್ಚುಗಳೆಲ್ಲ ಸೇರಿ ಕೊಡ್ತಾವೆ. ಗಿರಣಿಯಿಂದ ಒಂದು ಕಾಸು ಮುಟ್ಟಂಗಿಲ್ಲ. ಮುಟ್ಟಿದ್ರೆ ಕೆಲಸಗಾರರು ಬಾಯಿ ಬಿಡಲ್ಲ ಅಂತ."

ನಾನು ಡೇವಿಡ್ ಕಡೆ ನೋಡಿದೆ. ಗಿರಣಿಯ ಸಂಬಳವಿಲ್ಲದೆ ಬರುವ ಒಬ್ಬ ಹೆಂಗಸು, ಅವಳಿಗೆ ಮನಸ್ಸು ಬಿಚ್ಚುವ ಆಳುಗಳು. ನನ್ನ ಗಿರಣಿಯಲ್ಲಿ ಹಮಾಲ ಕೆಲಸಕ್ಕೆ ಬರದಿದ್ದರೆ ಯಾಕೆ ಬರಲಿಲ್ಲ ಎಂದು ತಿಳಿಯಲು ನಾನು ಮೂರು ಜನರನ್ನು ಕೇಳಬೇಕು, ಮೂವರೂ ಬೇರೆ ಬೇರೆ ಸುಳ್ಳು ಹೇಳುತ್ತಾರೆ. ಈ ಹುಡುಗನಿಗೆ ಇದೆಲ್ಲ ಪುಕ್ಕಟೆ! ಬೀಗರ ಮೂಲಕ ಕೇಳಿದೆ: "ಅವಳು ನಿಮಗೆ ಏನೂ ಹೇಳೋದಿಲ್ಲ ಅಂದ್ರೆ ನಿಮಗೇನು ಲಾಭ?"

ಡೇವಿಡ್ ನಕ್ಕ. "ಈ ವಿಭಾಗ ಮುಚ್ಚಬೇಕು ಅಂತ ನಾನು ಮೊದಲು ಬಾಯಿಬಿಟ್ಟದ್ದು ಅವರ ಹತ್ರಾನೇ. ಅದನ್ನ ಅವರು ಆಳುಗಳಿಗೆ ಹೇಳಲಿಲ್ಲ, ನಾನೇ ಹೇಳೋ ತನಕ."

ಮಾಲೀಕನಿಗೂ ಹೇಳಿಕೊಳ್ಳುವುದಿರುತ್ತದೆ ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆದದ್ದೇ ತಡ, ಇನ್ನಷ್ಟು ಉರಿಯಿತು.

ನಾವು ಕೊಳ್ಳಬೇಕಾದ ಯಂತ್ರವನ್ನು ನಡೆಸುತ್ತಿದ್ದವನು ರಾನ್ ಎಂಬ ಆಜಾನುಬಾಹು. ವಿಭಾಗ ಮುಚ್ಚುತ್ತದೆ ಎಂದು ಗೊತ್ತಾದಾಗಿನಿಂದ ಜೋನ್ ಒಬ್ಬಳ ಹೊರತು ಯಾರ ಜೊತೆಯೂ ಅವನು ಮನಸ್ಸು ಬಿಚ್ಚಿ ಮಾತಾಡಿಲ್ಲವಂತೆ. ನಾವು ಯಂತ್ರದ ಮುಚ್ಚಳ ತೆಗೆಸಿ ನೋಡುವಾಗ ಪಕ್ಕದಲ್ಲೇ ನಿಂತಿದ್ದ. ತನ್ನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದ. ಒಪ್ಪಿಗೆಯಿಲ್ಲದ ಅಪ್ಪನ ನೋಟ.

ಕ್ಯಾಂಟೀನು

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೆಲಸಗಾರರ ಜೊತೆಯೇ ನಮಗೂ ಚಹಾ. ನಿಮ್ಮ ಊರು ಯಾವುದಕ್ಕೆ ಪ್ರಸಿದ್ಧ ಎಂದು ಜೋನ್ ಕೇಳಿದಳು. ಬೀಗರು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಥೆ ತೆಗೆದರು. ಕಾಡಿನಲ್ಲಿ ಮಂಗಗಳು ಸಾಯುವುದು, ಅವುಗಳ ಮೈಮೇಲಿನ ಉಣುಗು ಕಚ್ಚುವುದು, ಮನುಷ್ಯರಿಗೆ ಜ್ವರ ಬರುವುದು, ಜಗತ್ತಿನ ವೈದ್ಯರೆಲ್ಲ ಆ ಕಾಯಿಲೆಗೆ ಕ್ಯಾಸನೂರಿನ ಹೆಸರನ್ನೇ ಇಟ್ಟದ್ದು. ಇಡೀ ಕ್ಯಾಂಟೀನು ಚಮಚ ಅಲ್ಲಾಡಿಸದೆ ಕೇಳಿತು. ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಆವತ್ತು ತಿಳಿಯಿತು. ನಮ್ಮ ತಾಲ್ಲೂಕಿಗಿರುವುದು ಈಸೂರು. ಬ್ರಿಟಿಷರ ಆಳ್ವಿಕೆ ಬೇಡವೆಂದು ನಲವತ್ತೆರಡರಲ್ಲಿ ಎದ್ದು ನಿಂತ ಊರು. ಅದನ್ನು ಇಂಗ್ಲಿಷರ ಚಹಾ ಕುಡಿಯುತ್ತ ಅವರಿಗೇ ಹೇಗೆ ಹೇಳುವುದು?

ಹೇಗಾದರೂ ಮಾಡಿ ಬೀಗರಿಗಿಂತ ಒಂದು ಕೈ ಮೇಲಾಗಬೇಕಿತ್ತು. ನಮ್ಮಲ್ಲಿ ಒಂದು ಪದ್ಧತಿ ಉಂಟಲ್ಲ: ಸ್ವಾಮಿಗಳೋ ಜಂಗಮರೋ ಅಂಗಡಿ, ಗಿರಣಿಗೆ ಪಾದ ಬೆಳೆಸಿದರೆ ಬರಿಗೈಲಿ ಕಳಿಸುವುದಿಲ್ಲ. ಕೂರಿಸಿ, ಶಾಲು ಹೊದಿಸಿ, ಹಣ್ಣು ದಕ್ಷಿಣೆ ಕೊಟ್ಟು, ಕಾಲಿಗೆ ಬೀಳುತ್ತೇವೆ. ಅದೂ ನಾಲ್ಕು ಜನರ ಎದುರಿಗೇ. ಮರೆಯಲ್ಲಿ ಕೊಟ್ಟರೆ ಅದು ಕಾಣಿಕೆಯಲ್ಲ, ಲಂಚ.

ಮರುದಿನ ಜೋನ್ ಬರುವ ಹೊತ್ತಿಗೆ ಸಿದ್ಧನಾಗಿದ್ದೆ. ಡೇವಿಡ್‌ಗೆಂದು ತಂದಿದ್ದ ಜರಿಯಂಚಿನ ಶಾಲು, ತಟ್ಟೆಯಲ್ಲಿ ಸೇಬು, ಕವರಿನಲ್ಲಿ ದಕ್ಷಿಣೆ. ಎಲ್ಲರೂ ಚಹಾಕ್ಕೆ ಕೂತಿದ್ದಾಗ ಎದ್ದುಹೋಗಿ ಅವಳಿಗೆ ಶಾಲು ಹೊದಿಸಿದೆ, ತಟ್ಟೆ ಕೈಗಿಟ್ಟೆ, ಬಗ್ಗಿ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಜೋನ್ ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ತಟ್ಟೆಯಿಂದ ಒಂದು ಸೇಬು ಉರುಳಿ ರಾನ್‌ನ ಕಾಲ ಬಳಿ ಹೋಯಿತು. ಅವನು ಎತ್ತಿಕೊಡಲಿಲ್ಲ.

ಕ್ಯಾಂಟೀನು ನಿಶ್ಶಬ್ದವಾಯಿತು. ಆಹಾ, ಎಂಥ ಭಕ್ತಿ ಎಂದುಕೊಂಡೆ.

ಬೀಗರ ಕಡೆ ನೋಡಿದೆ. ಅವರು ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಿದ್ದರು.

ಚರ್ಚಿನ ಹಿಂದಿನ ಕೋಣೆ

ಆಮೇಲಿನ ದಿನ ಜೋನ್ ಕ್ಯಾಂಟೀನಿನಲ್ಲಿ ಒಬ್ಬಳೇ ಕೂತಿದ್ದಳು. ಅವಳು ಹೋಗಿ ನಿಂತ ಬೆಂಚಿನಿಂದ ಜನ ಲೋಟ ಎತ್ತಿಕೊಂಡು ಏಳುತ್ತಿದ್ದರು. ಯಂತ್ರದ ಬಳಿ ಹೋದರೆ ರಾನ್ ಬೆನ್ನು ತಿರುಗಿಸಿದ.

"ಏನಾಯ್ತ್ರೀ ಇವರಿಗೆ?" ಎಂದು ಬೀಗರನ್ನು ಹಿಡಿದು ಕೇಳಿದೆ.

"ನಿನ್ನೆ ರಾನ್ ಏನಂದ ಗೊತ್ತಾ? 'ಯಂತ್ರ ಕೊಳ್ಳೋಕೆ ಬಂದೋರು ಪಾದ್ರಿಗೂ ಬೆಲೆ ಕಟ್ಟಿದ್ರು' ಅಂದ."

"ನಿನ್ನೇನೇ ಯಾಕೆ ಹೇಳಲಿಲ್ಲ?"

"ಬೇಜಾರು ಮಾಡ್ಕೊಳ್ತೀರಿ ಅಂತ."

"ಶಾಲು ಹೊದಿಸೋಕ್ಕೆ ಮುಂಚೆ ಆದ್ರೂ ತಡೀಬೇಕಿತ್ತಲ್ರೀ!"

"ನಾನು ಬೇಡ ಅಂದಿದ್ರೆ ನೀವು ಎರಡು ಶಾಲು ಹೊದಿಸ್ತಿದ್ರಿ ಮಾರಾಯ್ರೇ."

ಸುಳ್ಳಲ್ಲ. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಸಂಜೆ ಜೋನ್ ನಮ್ಮಿಬ್ಬರನ್ನೂ ಒಂದು ಚರ್ಚಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಅವಳನ್ನು ಗಿರಣಿಗೆ ಕಳಿಸುವ ಚರ್ಚುಗಳ ಹಿರಿಯರು ಅಲ್ಲಿ ಸೇರಿದ್ದರು. ರೋಮಿನ ಪೋಪರನ್ನು ಒಪ್ಪುವವರು, ಒಪ್ಪದವರು, ಹಸುಗೂಸಿಗೇ ದೀಕ್ಷೆಯ ನೀರು ಹಾಕುವವರು, ದೊಡ್ಡವರಾದ ಮೇಲೆ ನೀರಿನಲ್ಲಿ ಮುಳುಗಿಸುವವರು. ಹಿಂದೆ ಇವರ ಹಿರಿಯರು ಇದೇ ಕಾರಣಕ್ಕೆ ಒಬ್ಬರ ಮನೆಯ ನೀರು ಒಬ್ಬರು ಕುಡಿಯುತ್ತಿರಲಿಲ್ಲವಂತೆ. ಈಗಲೂ ನಾವು ಹೋದಾಗ ಯಾವ ಹಾಡು ಯಾವ ಹಬ್ಬಕ್ಕೆ ಎಂದು ಜೋರು ಜಗಳ ನಡೆದಿತ್ತು. ಆದರೆ ಗಿರಣಿಗೆ ಮಾತ್ರ ಒಬ್ಬಳೇ ಜೋನ್, ಎಲ್ಲರ ಪರವಾಗಿ. ಅವಳು ಯಾವ ಚರ್ಚಿನವಳು ಎಂದು ಕೆಲಸಗಾರರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ನಮ್ಮಲ್ಲಿ ಪಂಕ್ತಿಯಲ್ಲಿ ಯಾರು ಮೊದಲು ಕೂರಬೇಕು ಎಂಬುದಕ್ಕೇ ಅನ್ನ ಆರಿಹೋಗುತ್ತದೆ. ನೋಡಿ ಹೊಟ್ಟೆ ಉರಿಯದೆ ಇರುತ್ತದೆಯೇ?

ಅವರಲ್ಲಿ ಹಿರಿಯ, ಬೋಳುತಲೆಯ ಒಬ್ಬ ಫಾದರ್, ಮಾತು ತೆಗೆದ. ಕೆಲಸಗಾರರು ಒಪ್ಪಿದರಷ್ಟೇ ಜೋನ್ ಆ ಗಿರಣಿಗೆ ಹೋಗಬಹುದು, ಅದು ಎಲ್ಲ ಚರ್ಚುಗಳೂ ಸೇರಿ ಮಾಡಿಕೊಂಡ ಕಟ್ಟಳೆ. ಅವರು ಒಪ್ಪದಿದ್ದರೆ ವಾಪಸು ಕರೆಸಬೇಕಾಗುತ್ತದೆ. ವಿಭಾಗ ಮುಚ್ಚುವುದು ಇದೇ ವಾರದ ಕೊನೆಗೆ. ರಾನ್‌ನಂಥವರಿಗೆ ಅವಳು ಬೇಕಾಗಿರುವುದೇ ಈ ವಾರ.

ಜೋನ್ ಹಣೆ ಒತ್ತಿಕೊಳ್ಳುತ್ತಿದ್ದಳು. "ರಾನ್ ಮನೆಗೆ ಹೋಗಿದ್ದೆ. ಬಾಗಿಲು ತೆಗೀಲಿಲ್ಲ" ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸಲೀಸಾಗುತ್ತಿತ್ತು.

ನಾನು ವ್ಯಾಪಾರಕ್ಕಿಳಿದೆ. "ಮಾಲೀಕರಿಂದ ಹೇಳಿಸ್ತೀನಿ."

"ಅದು ಇನ್ನೂ ಕೆಟ್ಟದ್ದು" ಎಂದ ಫಾದರ್.

"ಹಾಗಾದ್ರೆ ಎಲ್ಲ ಕೆಲಸಗಾರರಿಗೂ ಒಂದೊಂದು ಶಾಲು ಹೊದಿಸ್ತೀನಿ. ಆಗ ಭೇದ ಇರಲ್ಲ."

ಬೀಗರು ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಎಲ್ಲ ಚರ್ಚಿನವರೂ ಒಟ್ಟಿಗೆ ನಕ್ಕದ್ದು ಬಹಳ ದಿನಗಳ ಮೇಲಂತೆ.

ಆಮೇಲೆ ಫಾದರ್ ಮೆಲ್ಲಗೆ ಕೇಳಿದ: "ಎಲ್ಲರ ಎದುರಿಗೆ ಕೊಟ್ಟಿದ್ದೀರಿ. ಎಲ್ಲರ ಎದುರಿಗೇ ವಾಪಸು ತೆಗೆದುಕೊಳ್ಳುತ್ತೀರಾ?"

ಬೀಗರು ಇದನ್ನು ಬಹಳ ನಿಧಾನವಾಗಿ, ಒಂದೊಂದೇ ಪದ ಚಪ್ಪರಿಸುತ್ತ ಕನ್ನಡಕ್ಕೆ ತಂದರು.

ಸ್ವಾಮಿಗಳಿಗೆ ಹೊದಿಸಿದ ಶಾಲನ್ನು ಮರಳಿ ಪಡೆಯುವುದು! ಕೊಟ್ಟದ್ದನ್ನು ಕಿತ್ತುಕೊಂಡವನು ಹಲ್ಲಿಯಾಗಿ ಹುಟ್ಟುತ್ತಾನೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹಲ್ಲಿಯಾದರೂ ಆಗಬಹುದು, ಬೀಗರೆದುರು ಆಗುವ ಅವಮಾನಕ್ಕೆ ಏನು ಮಾಡುವುದು? ಸೊರಬದ ಬಸ್‌ಸ್ಟ್ಯಾಂಡಿನಿಂದ ತೊಗರ್ಸಿಯ ತನಕ ಈ ಕಥೆ ಹರಡಲು ಒಂದು ಸಂತೆ ಸಾಕು. ಸುಮ್ಮನೆ ಯಂತ್ರ ಕೊಂಡು ಹೊರಟುಬಿಟ್ಟರೂ ಆಗುತ್ತಿತ್ತು. ಜೋನ್ ಯಾರೋ, ನಾನು ಯಾರೋ.

ಅವಳು ಮಾತ್ರ ನನ್ನ ಮುಖ ನೋಡಲಿಲ್ಲ. ಕೇಳಬಾರದ್ದನ್ನು ಕೇಳುತ್ತಿದ್ದೇವೆ ಎಂದು ಅವಳಿಗೆ ಹೇಗೋ ತಿಳಿದಿತ್ತು. "ಬೇಡ, ಅವರಿಗೆ ಕಷ್ಟವಾಗುತ್ತದೆ" ಎಂದಳಂತೆ. ನಾನು ಬಾಯಿಬಿಟ್ಟು ಹೇಳದ ಮಾತನ್ನು ಕೇಳಿಸಿಕೊಳ್ಳುವವರು ನನ್ನ ಗಿರಣಿಯಲ್ಲಿ ಯಾರಿದ್ದಾರೆ?

"ತಗೋತೀನಿ ಅನ್ರೀ" ಎಂದೆ.

ಬೀಗರು ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡು ಆಮೇಲೆ ಇಂಗ್ಲಿಷಿಗೆ ತಂದರು.

ಮತ್ತೆ ಕ್ಯಾಂಟೀನು

ಬೆಳಗಿನ ಚಹಾದ ಹೊತ್ತು. ಜೋನ್ ಶಾಲು ಮಡಚಿ, ಅದರ ಮೇಲೆ ಕವರಿಟ್ಟು ತಂದಳು. ಬೀಗರು ವಿವರಿಸಲು ಎದ್ದರು. ನಾನು ಅವರ ತೋಳು ಹಿಡಿದು ಕೂರಿಸಿದೆ. ಇದು ಇನ್ನೊಬ್ಬರ ಬಾಯಿಂದ ಹೇಳಿಸುವಂಥದಲ್ಲ.

"ಐ ಗಿವ್" ಎಂದೆ ಗಟ್ಟಿಯಾಗಿ. "ರಾಂಗ್. ಶಿ ನೋ ಟೇಕ್. ಐ ಟೇಕ್."

ಎರಡೂ ಕೈ ಚಾಚಿದೆ. ಜೋನ್ ಶಾಲನ್ನೂ ಕವರನ್ನೂ ಕೈಗಿಟ್ಟಳು. ನೂರು ಜನರ ಎದುರು ಕೂಗಿ ಬೆಲೆ ಹೇಳಿದವನು, ಕೂಗಿ ಬೆಲೆ ಇಳಿಸಿದವನು ನಾನು. ಇಷ್ಟು ಜನರ ಎದುರು ಇಷ್ಟು ಕಡಿಮೆ ಮಾತಾಡಿ ಇಷ್ಟು ಬೆವತದ್ದು ಅದೇ ಮೊದಲು. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಗಲಿಲ್ಲ. ಬೆವರು ಒರೆಸಿಕೊಳ್ಳಲು ಕೈಗಳು ಖಾಲಿಯಿರಲಿಲ್ಲ.

ರಾನ್ ತನ್ನ ಪಕ್ಕದ ಬೆಂಚನ್ನು ಕಾಲಿನಿಂದ ಹೊರಗೆ ದೂಡಿದ. ಏನೋ ಗೊಣಗಿದ.

"ಚಹಾ ಆರ್ತಿದೆ, ಕೂತ್ಕೋ ಅಂದ" ಎಂದು ಬೀಗರು ಪಿಸುಗುಟ್ಟಿದರು.

ಜೋನ್ ಕೂತಳು. ಸ್ವಲ್ಪ ಹೊತ್ತಿಗೆ ಆ ದೊಡ್ಡ ತಲೆ ಅವಳ ಕಿವಿಯ ಕಡೆ ಬಾಗಿತು. ಏನು ಹೇಳಿದನೋ. ಅವಳ ಕೈಯಲ್ಲಿನ ಚಹಾ ಪೂರ್ತಿ ಆರುವ ತನಕ ಹೇಳುತ್ತಲೇ ಇದ್ದ.

ನನಗೆ ಯಾರೂ ಕೂರಲು ಹೇಳಲಿಲ್ಲ. ಶಾಲು ಹಿಡಿದು ನಿಂತೇ ನೋಡಿದೆ. ಒಬ್ಬ ಮನುಷ್ಯ ಇನ್ನೊಬ್ಬರಿಗಾಗಿ ಬೆಂಚು ಸರಿಸಿದ್ದರ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟವನು ಆ ದೇಶದಲ್ಲಿ ನಾನೊಬ್ಬನೇ ಇರಬೇಕು.

ಸೊರಬ, ಶಿಕಾರಿಪುರ

ಯಂತ್ರ ಕೊಂಡೆವು. ಅದು ಹಡಗಿನಲ್ಲಿ ಬಂದು, ಲಾರಿ ಹತ್ತಿ, ನನ್ನ ಗಿರಣಿಯ ಜಗಲಿಯ ಮೇಲೆ ಪೆಟ್ಟಿಗೆಯಲ್ಲೇ ಕೂತಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರು ಆ ಪೆಟ್ಟಿಗೆಯನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದರು. ಅದು ಮಾಡುವುದೂ ಅವರ ಕೆಲಸವನ್ನೇ. ಏನು ಯೋಚಿಸುತ್ತಿದ್ದರೋ, ನನಗೆ ಹೇಳುವವರು ಯಾರು?

ಬಂದ ವಾರವೇ ಮಠದ ಹಿರಿಯರ ಹತ್ತಿರ ಹೋದೆ, ಮಸೀದಿಯ ಹಿರಿಯರ ಹತ್ತಿರ ಹೋದೆ, ಕಾನ್ವೆಂಟಿನ ಸಿಸ್ಟರ್ ಹತ್ತಿರವೂ ಹೋದೆ. ನೀವೆಲ್ಲ ಸೇರಿ ಒಬ್ಬರನ್ನು ಗಿರಣಿಗೆ ಕಳಿಸಿ ಎಂದೆ. ಮೂವರೂ ಒಳ್ಳೆಯ ವಿಚಾರ ಎಂದರು. ಮೂವರೂ ನಮ್ಮವರನ್ನೇ ಕಳಿಸುತ್ತೇವೆ ಎಂದರು. ಮೂವರು ಬಂದರೆ ಹಮಾಲರು ಮೂರು ಗುಂಪಾಗಿ ಕೂರುತ್ತಾರೆ, ಅಷ್ಟೇ ಲಾಭ.

ನಾನೇ ಯಾಕಾಗಬಾರದು ಎಂದು ಚಹಾ ಹಿಡಿದು ಹಮಾಲರ ನಡುವೆ ಹೋದೆ. ಎಲ್ಲರೂ ಎದ್ದು ನಿಂತರು. ಒಬ್ಬ ಚೀಲ ಕೊಡವಿ ಹಾಸಿದ. ನಾನೆಂಥ ಒಳ್ಳೆಯ ಯಜಮಾನ ಎಂದು ಸರದಿಯ ಮೇಲೆ ಹೇಳಿದರು. ಅಷ್ಟು ಒಳ್ಳೆಯವನಾಗಿದ್ದರೆ ನನ್ನ ಹೆಂಡತಿ ಒಮ್ಮೆಯಾದರೂ ಹೇಳುತ್ತಿದ್ದಳು.

ಆಗ ಹೊಳೆದ ಉಪಾಯ ಇದು. ಗಿರಣಿ ಇರುವ ಎಲ್ಲರಿಗೂ ಇದು ನನ್ನ ಸಲಹೆ ಕೂಡ. ಸೊರಬಕ್ಕೆ ಹೋಗಿ ಬೀಗರಿಗೆ ಹೇಳಿದೆ: "ವಾರಕ್ಕೊಂದು ದಿನ ನೀವು ನನ್ನ ಗಿರಣೀಲಿ ಕೂತ್ಕೊಳ್ರಿ, ನಾನು ನಿಮ್ಮ ಗಿರಣೀಲಿ. ಕೇಳಿದ್ದು ಯಾರಿಗೂ ಹೇಳಂಗಿಲ್ಲ. ಒಬ್ಬರಿಗೊಬ್ಬರಂತೂ ಹೇಳಂಗೇ ಇಲ್ಲ."

"ಅಲ್ಲ ಮಾರಾಯ್ರೇ, ನಮ್ಮ ಆಳುಗಳು ನನ್ನ ಬಗ್ಗೆ ಏನಂತಾರೆ ಅಂತ ನಿಮಗೆ ಗೊತ್ತಿರುತ್ತೆ, ನನಗಿರಲ್ಲ. ನನ್ನ ಮಾನ ನಿಮ್ಮ ಕೈಲಿ?"

"ನನ್ನದು ನಿಮ್ಮ ಕೈಲಿರುತ್ತಲ್ರೀ. ಸಾಟಿ ವ್ಯಾಪಾರ."

ಸೊರಬದ ಗಿರಣಿಯಲ್ಲಿ ಮೊದಮೊದಲು ಮಳೆ, ಭತ್ತ, ಎತ್ತುಗಳ ಮಾತು. ಒಂದು ದಿನ ಹನುಮಂತ ಎಂಬ ಹಮಾಲ ಆಚೀಚೆ ನೋಡಿ, "ನಿಮ್ ಬೀಗ್ರು ಗಿರಣಿ ಮಾರ್ತಾರಂತಲ್ರೀ, ಸಾವ್ಕಾರ್ರೇ" ಎಂದ. ನನ್ನ ಮಗಳು ಸೇರಿದ ಮನೆಯ ಗಿರಣಿ! ಊಟ ಸೇರಲಿಲ್ಲ. ಬೀಗರು ಬಸ್ಸಿನ ತನಕ ಬಂದು ಬೀಳ್ಕೊಟ್ಟರು, ಆ ಮಾತು ನಾಲಿಗೆಯ ತುದಿಯಲ್ಲಿ ಕುಣಿಯಿತು, ನುಂಗಿದೆ. ಅಮಾವಾಸ್ಯೆ ಹೋಗಿ ಹುಣ್ಣಿಮೆ ಬಂದ ಮೇಲೆ ಹನುಮಂತ ಹತ್ತಿರ ಬಂದು ಚೀಲದ ಮೇಲೆ ಕೂತ.

"ಅದು ಸುಳ್ಳು ಕಣ್ರೀ. ನಿಮ್ ಬೀಗ್ರ ಕಿವಿಗೆ ಹೋಗುತ್ತೋ ಇಲ್ಲೋ ನೋಡಣಾಂತ ಬಿಟ್ಟಿದ್ದೆ."

"ಹೋಯ್ತಾ?"

"ಹೋಗ್ಲಿಲ್ಲ. ಈಗ ನಿಜ ಹೇಳ್ತೀನಿ, ಕೇಳ್ರಿ."

ಹೇಳಿದ. ಇಲ್ಲಿ ಬರೆಯುವುದಿಲ್ಲ.

ನನ್ನ ಗಿರಣಿಯಲ್ಲಿ ಬೀಗರ ಬಳಿ ಹೆಂಗಸರು ಕೂತು ಮಾತಾಡುತ್ತಾರೆ. ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನು ಕಿಟಕಿಯಿಂದ ನೋಡಿದೆ. ನನ್ನ ಆಳು, ನನ್ನ ಜಗಲಿ, ಮಾತು ಮಾತ್ರ ಅವರಿಗೆ. ಯಂತ್ರದ ಪೆಟ್ಟಿಗೆ ಬಿಚ್ಚೋಣವೇ ಎಂದರೆ ಬೀಗರು, "ಇರ್ಲಿ, ಅಮಾಸೆ ಕಳೀಲಿ" ಎನ್ನುತ್ತಾರೆ. ಅಂಥ ಎಷ್ಟೋ ಅಮಾವಾಸ್ಯೆ ಕಳೆದವು. ಯಾಕೆ ಎಂದು ನಾನು ಕೇಳುವಂತಿಲ್ಲ. ಕೇಳಿಲ್ಲ.

ಮೊನ್ನೆ ಸೊರಬದಲ್ಲಿ ಹಬ್ಬದ ಊಟ. ಬೀಗರು ತಾವೇ ಎದ್ದು ನನ್ನ ಎಲೆಗೆ ಹೋಳಿಗೆ ಬಡಿಸಿದರು, ತುಪ್ಪ ಸುರಿದರು, ಮತ್ತೊಂದು ಹೋಳಿಗೆ ಹಾಕಿದರು.

"ಹನುಮಂತ ಏನಾದ್ರೂ ಅಂತಿದ್ನಾ ಬೀಗ್ರೇ?"

"ಹೋಳಿಗೆ ಮೆತ್ತಗಾಗಿದೆ" ಎಂದೆ. "ನಮ್ಮ ಕಲ್ಲು ಆರಿಸೋ ಹೆಂಗಸರು ಚೆನ್ನಾಗಿದಾರೇನ್ರೀ?"

"ಇನ್ನಷ್ಟು ತುಪ್ಪ ಹಾಕ್ಲಾ?" ಎಂದರು ಅವರು.

ಆಮೇಲೆ ಇಬ್ಬರೂ ತಲೆ ತಗ್ಗಿಸಿ ಊಟ ಮಾಡಿದೆವು. ನನ್ನ ಮಗಳು ಅನ್ನದ ಪಾತ್ರೆ ಹಿಡಿದು ಬಂದವಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಏನಪ್ಪಾ, ಇಬ್ರೂ ಜಗಳ ಆಡಿದ್ರಾ?"

"ಇಲ್ಲಮ್ಮ" ಎಂದೆವು, ಇಬ್ಬರೂ ಒಟ್ಟಿಗೆ.